ರೋಮಿನ ನಳದ ನೀರು

ಖುಷ್ನುಮಾ ಹಜ್‌ಗೆ ಹೋಗಿಬಂದ ವರ್ಷ, ಪುಟ್ಟ ಶೀಶೆಯಲ್ಲಿ ಮೆಕ್ಕಾದ ಪವಿತ್ರ ಜಮ್‌ಜಮ್ ನೀರು ತುಂಬಿ, ಎರಡು ಮನೆಗಳ ನಡುವಿನ ಗೋಡೆಯ ಮೇಲಿಂದ ಪಾರ್ವತಿಬಾಯಿಯ ಕೈಗಿಟ್ಟಿದ್ದಳು. ಪಾರ್ವತಿಬಾಯಿ ಅದನ್ನು ಕಣ್ಣಿಗೊತ್ತಿಕೊಂಡು, "ನಾ ಯಾವತ್ತರ ಸಮುದ್ರ ದಾಟಿದ್ರ, ಅಲ್ಲೀ ನೀರ ನಿನಗ ತಂದ ಕೊಡತೀನಿ ಆಪಾ" ಎಂದು ಮಾತು ಕೊಟ್ಟಿದ್ದಳು. ಆಗ ಅವಳು ಹುಮನಾಬಾದಿನ ಆಚೆ ಕಂಡದ್ದು ತವರೂರು ಬಸವಕಲ್ಯಾಣ. ಅದು ಬಿಟ್ಟರೆ ಶ್ರೀಶೈಲ, ಪಂಢರಪುರ. ಸಮುದ್ರ ದಾಟುವ ಮಾತಿಗೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಈ ಸಲ ಬಿತ್ತನೆ ಬೀಜ, ಬೆಳೆಗೆ ಹೊಡೆಯುವ ಎಣ್ಣೆ ತಯಾರಿಸುವ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹೆಂಡಂದಿರ ಸಮೇತ ಇಟಲಿಗೆ ಕರೆದೊಯ್ದಿತು. ಮಾರಿದವನು ಗಂಡ ಮಹಾರುದ್ರಪ್ಪ, ಬೆನ್ನಿಗೆ ಹೋದವಳು ಪಾರ್ವತಿಬಾಯಿ. ಇಬ್ಬರೂ ವಾಪಸು ಬಂದದ್ದು ನಿನ್ನೆ. ಈಗ ಅಡುಗೆಮನೆಯ ಕಟ್ಟೆಯ ಮೇಲೆ, ರೋಮಿನ ನೀರು ತರಲೆಂದು ಅವಳು ಒಯ್ದಿದ್ದ ಬಾಟಲಿ ಖಾಲಿ ನಿಂತಿತ್ತು.

"ಪಾರ್ವತೀ, ಎದ್ದೀಯೇನ?" ಗೋಡೆಯಾಚೆಯಿಂದ ಖುಷ್ನುಮಾ ಕೂಗಿದಳು. "ಗಿಲಾಸ ತೊಳದ ಇಟಗೊಂಡ ಕುಂತೀನಿ!"

ಮಹಾರುದ್ರಪ್ಪ ದನಿ ತಗ್ಗಿಸಿದ. "ಫಿಲ್ಟರ್ ನೀರ ತುಂಬಿ ಕೊಟ್ಟ ಬಿಡು. ನೀರಿನ ಹಣಿ ಮ್ಯಾಲ ರೋಮ್ ಅಂತ ಬರದಿರ್ತದೇನು?"

"ಆಕಿ ನನಗ ಖರೇ ಜಮ್‌ಜಮ್ ಕೊಟ್ಟಾಳ್ರಿ."

"ಅದಕ್ಕೇ ಬಡಕೊಂಡೆ, ದೊಡ್ಡ ಸೂಟ್‌ಕೇಸಿನಾಗ ಇಡು ಅಂತ. ನನ್ನ ಮಾತು ಕೇಳಿದೇನು?"

"ಚಪ್ಪಲಿ ಜೋಡಿ ಇಡ್ಲ್ಯಾ? ನಿಮ್ಮ ಹೊಲಸ ಪಾಯಜಾಮಾದ ಜೋಡಿ? ಹಂಗ ತಂದ ನೀರ ಒಬ್ಬರ ಬಾಯಿಗೆ ಹ್ಯಾಂಗ ಹಾಕಬೇಕ್ರಿ?"

ಅವನು ಅಂಗಿ ತೊಟ್ಟು ಅಂಗಡಿಗೆ ಹೊರಟುಹೋದ. ಪಾರ್ವತಿಬಾಯಿ ಬಾಟಲಿಯನ್ನು ಫಿಲ್ಟರಿನ ಕೆಳಗೆ ಹಿಡಿದಳು. ಎರಡು ಬೆರಳಷ್ಟು ನೀರು ಬಿತ್ತು. ಬೆಳಕಿಗೆ ಎತ್ತಿ ನೋಡಿದಳು. ಗಂಡ ಹೇಳಿದ್ದು ಸುಳ್ಳಲ್ಲ, ನೀರು ನೀರಿನ ಹಾಗೆಯೇ ಇತ್ತು. ಹಿತ್ತಲಿಗೆ ಹೋಗಿ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಖಾಲಿ ಬಾಟಲಿ ಹಿಡಿದು ಪಕ್ಕದ ಮನೆಯ ಬಾಗಿಲು ದಾಟಿದಳು.

ಅಂಗಳದ ಮಂಚದ ಮೇಲೆ ಕುಳಿತಿದ್ದ ಖುಷ್ನುಮಾ ಬಾಟಲಿ ಈಸಿಕೊಂಡು ಅಲುಗಾಡಿಸಿದಳು. "ಇದೇನ? ರೋಮಿನ ಗಾಳಿ ತಂದೀಯೇನ?"

"ತುಂಬಿದ್ದೆ ಆಪಾ. ವಿಮಾನ ಹತ್ತೂ ಮುಂದ ವರ್ದಿಯವ ತಡದ. ಕೈಚೀಲದಾಗ ನೀರ ಒಯ್ಯಂಗಿಲ್ಲಂತ, ಕಸದ ಡಬ್ಬ್ಯಾಗ ಒಗಿ ಅಂದ. ನಿನ್ನ ಹೆಸರಲೆ ಹಿಡದ ನೀರ, ಕಸದಾಗ ಹ್ಯಾಂಗ ಒಗೀಲಿ? ಅಲ್ಲೇ ನಿಂತ ಪೂರಾ ಕುಡದ ಬಿಟ್ಟೆ. ಹಿಂದಿನ ಪಾಳ್ಯಾಗಿನ ಮಂದಿ ಬಾಯಿ ತಕ್ಕೊಂಡ ನೋಡಾಕತ್ತಿತ್ತು."

ಖುಷ್ನುಮಾ ಅವಳ ಮುಖ ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು. "ಅಂದ್ರ ನನ್ನ ನೀರ ನಿನ್ನ ಹೊಟ್ಯಾಗ ಅದ."

"ಅದ."

"ಹಂಗಾರ ಕೂಡು. ಬಾಯಿಲೆರ ಹೊರಗ ತಗಿ. ಹ್ಯಾಂಗಿತ್ತು?"

"ಥಣ್ಣಗ, ಮಡಿಕ್ಯಾಗಿನ ನೀರಿನಂಗ. ರಸ್ತಾದ ಬಾಜೂಕ ಮೊಣಕೈ ಎತ್ತರದ ಕಬ್ಬಿಣದ ಕಂಬ ಆಪಾ, ಅದಕ್ಕೊಂದು ಸೊಟ್ಟ ಮೂಗು. ಹಗಲೂ ರಾತ್ರಿ ಸುರೀತಾನೇ ಇರ್ತದ. ಅಂಥಾವು ಊರ ತುಂಬ ಸಾವಿರಗಟ್ಟಲೆ. ಕೊಡ ಇಲ್ಲ, ಪಾಳಿ ಇಲ್ಲ, ಜಗಳ ಇಲ್ಲ."

"ಯಾರೂ ಬಂದ್ ಮಾಡಂಗಿಲ್ಲಾ?"

"ಅದನ್ನೇ ನೋಡಿ ನನ್ನ ಹೊಟ್ಟಿ ಉರೀತು. ಹುಡುಕೀನಿ, ಚಾವೀನೇ ಇಲ್ಲ ಅದಕ್ಕ! ತಡೀಲಾರದ ಮೂಗಿನ ತುದಿಗಿ ಅಂಗೈ ಒತ್ತಿ ಹಿಡದೆ. ಮೂಗಿನ ಮ್ಯಾಲೊಂದು ಸಣ್ಣ ತೂತ ಇತ್ತು, ನಾ ಎಲ್ಲಿ ನೋಡೀನಿ! ಕಾರಂಜಿ ಎದ್ದಂಗ ಎದ್ದು ಮಾರಿಗೇ ಹೊಡೀತು. ಗೈಡ್ ಚಪ್ಪಾಳಿ ಹೊಡದ. ಅಲ್ಲೀ ಮಂದಿ ಕುಡ್ಯೂದೇ ಹಂಗಂತ, ಕೆಳಗ ಮುಚ್ಚಿ, ಮ್ಯಾಲ ಚಿಮ್ಮಿದ್ದಕ್ಕ ಬಾಯಿ ಕೊಟ್ಟು."

ಖುಷ್ನುಮಾ ನಕ್ಕು ನಕ್ಕು ಓಢಣಿಯಿಂದ ಕಣ್ಣು ಒರೆಸಿಕೊಂಡಳು. "ಮತ್ತೇನ ನೋಡಿದಿ?"

"ಒಡದ ಗ್ವಾಡಿ. ನಮ್ಮ ಕಲ್ಯಾಣದಾಗ ಗ್ವಾಡಿ ಒಡದ್ರ ಗಿಡಗಂಟಿ ಬೆಳೀತದ, ಅಲ್ಲಿ ಒಡದಿದ್ದಕ್ಕ ಟಿಕೇಟ ಹಚ್ಯಾರ. ಬೆಕ್ಕು ಮಾತ್ರ ಪುಕ್ಕಟ ಮಲಗ್ತಾವ. ವೆನಿಸ್ ಅಂತ ಇನ್ನೊಂದು ಊರು. ಓಣಿಯೆಲ್ಲಾ ನೀರು, ಹೆಣಾನೂ ದೋಣ್ಯಾಗ ಹೋಗ್ತದ. ಆದ್ರ ಆ ನೀರ ಉಪ್ಪು. ಮೊದಲಿನವರು ಮಳಿ ನೀರ ಉಸುಕಿನಾಗ ಸೋಸಿ, ಬಾವ್ಯಾಗ ಹಿಡದ ಕುಡೀತಿದ್ರಂತ."

"ಅಲ್ಲಿ ಬ್ಯಾಡವಾ. ನಾ ಹೋದ್ರ ರೋಮಿಗೇ ಹೋಗಾಕಿ."

"ಅಲ್ಲಿ ಹೋಗಿ ಏನ್ ಮಾಡ್ತಿ?"

"ಏನಿಲ್ಲ. ನಳದ ಮುಂದ ಕೊಡ ಇಲ್ಲದ ನಿಂದರತೀನಿ."

ಅಷ್ಟರಲ್ಲಿ ಓಣಿಯಲ್ಲಿ "ನೀರ ಬಂತು!" ಎಂಬ ಕೂಗೆದ್ದಿತು. ಇಬ್ಬರೂ ಸಿಕ್ಕ ಕೊಡ ಹಿಡಿದು ಓಡಿದರು. ಇವರ ಪಾಳಿ ಬಂದಾಗ ಖುಷ್ನುಮಾ ಕೊಡ ಬದಿಗಿಟ್ಟು, ಸುರಿಯುವ ನಳದ ಬಾಯಿಗೆ ಅಂಗೈ ಒತ್ತಿದಳು. ನೀರು ಸಂದುಗಳಿಂದ ಸಿಡಿದು ಇಬ್ಬರ ಎದೆ, ಕೊರಳು, ಮುಖ ತೋಯಿಸಿತು.

"ಏ ಖಾಲಾ! ಹುಚ್ಚ ಹಿಡದದೇನ್ರಿ? ನೀರ ಹಾಳಾಗಾಕತ್ತದ!" ಪಾಳಿಯಲ್ಲಿ ಹಿಂದೆ ನಿಂತಿದ್ದ ಓಣಿಯ ಹುಡುಗಿ ಕರೀಮಾ ಕಿರುಚಿದಳು.

ಖುಷ್ನುಮಾ ಕೈ ತೆಗೆಯಲಿಲ್ಲ. ಬಗ್ಗಿ ನಳದ ನೆತ್ತಿಯ ಮೇಲೆ ತೂತು ಹುಡುಕುತ್ತಿದ್ದಳು. ತುಟಿಗೆ ಸಿಡಿದಿದ್ದ ಹನಿಯನ್ನು ನಾಲಗೆಯಿಂದ ನೆಕ್ಕಿಕೊಂಡು, "ಥಣ್ಣಗ ಅದ" ಎಂದಳು.

ತರುತ್ತೇನೆಂದಿದ್ದ ನೀರನ್ನು ಪಾರ್ವತಿಬಾಯಿ ತಂದಿರಲಿಲ್ಲ; ಅದರ ತಂಪು ಮಾತ್ರ ಬಂದಿತ್ತು.