ಹಗುರ ಕೆಲಸ

ಹೋಸಿಯತ್ ಎಡಗೈಯಲ್ಲಿ ಚಹಾದ ಬಟ್ಟಲು ಚಾಚಿದಳು. ತಾಷ್ಕೆಂಟಿನಿಂದ ಹತ್ತಿ ಕೊಳ್ಳಲು ಬಂದಿದ್ದ ಮುದುಕ ಅರ್ಧಕ್ಕೆ ನೀಡಿದ್ದ ಕೈಯನ್ನು ಹಿಂದಕ್ಕೆಳೆದು ಗಡ್ಡ ನೀವಿಕೊಂಡ.

ಬಲಗೈಯಲ್ಲಿ ಬಟ್ಟಲು, ಎದೆಯ ಮೇಲೆ ಎಡಗೈ. ಹಿರಿಯರಿಗೆ ಚಹಾ ಕೊಡುವ ಈ ರೀತಿಯನ್ನು ಕೊಕಂದ್ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೋಸಿಯತಳ ಬಲಗೈ ಕಳೆದ ಸುಗ್ಗಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಇದೇ ಜಿನ್ನಿಂಗ್ ಮಿಲ್ಲಿನ ಗರಗಸದ ಹಲ್ಲಿಗೆ ಸಿಕ್ಕು ಮೊಣಕೈವರೆಗೆ ಹೋಗಿತ್ತು. ಉಳಿದ ಮೋಟುಗೈಯನ್ನೇ ಎದೆಗೊತ್ತಿಕೊಂಡು ಅವಳು ತಲೆ ಬಾಗಿಸಿದಳು.

"ಅಲ್ಲಿಡಮ್ಮ," ಎಂದು ಮುದುಕ ಮೇಜು ತೋರಿಸಿದ. ಕೆಟ್ಟವನೇನಲ್ಲ, ದನಿಯಲ್ಲಿ ಕನಿಕರವಿತ್ತು. ಚಹಾ ಮಾತ್ರ ಮುಟ್ಟಲಿಲ್ಲ. ಅದು ಆರುವ ಮೊದಲೇ "ಇನ್ನೊಮ್ಮೆ ಬರ್ತೀನಿ" ಎಂದು ಎದ್ದುಬಿಟ್ಟ.

ಕಾರು ಗೇಟು ದಾಟಿದ್ದೇ ತಡ, ಮಾಲೀಕ ತೋಲ್ಕಿನ್ ಕೆಂಡವಾದ. "ಬಂದ ಹಿರೀಕರಿಗೆ ಎಡಗೈಲಿ ಕೊಡ್ತಾರೇನು ತಾಯಿ? ಕೂಡಿಬಂದ ವ್ಯಾಪಾರಾನ ಮಣ್ಣುಪಾಲು ಮಾಡಿದ್ಯಲ್ಲ!"

"ಮೊದಲೇ ಹೇಳಿದ್ದೆ ಅಣ್ಣಾ. ಗೇಟಲ್ಲಿ ಗಾಡಿ ನೋಡ್ಕೊಳ್ಳೋ ಕೆಲಸ ಕೊಡಿ ಅಂತ ಎಷ್ಟು ಬೇಡ್ಕೊಂಡೆ..."

"ಅಲ್ಲಿ ನನ್ನ ಅಳಿಯ ಇದಾನೆ. ಕೆಲಸದಲ್ಲಿ ಏಟಾದೋರಿಗೆ ಹಗುರ ಕೆಲಸ ಕೊಡ್ಬೇಕು ಅಂತು ಕಾನೂನು. ಕೊಟ್ಟೆ. ಚಹಾ ಕೊಡೋದಕ್ಕಿಂತ ಹಗುರದ್ದು ಈ ಭೂಮಿ ಮೇಲಿದೆಯಾ? ಅದೂ ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅವಳನ್ನು ಮತ್ತೆ ಕೆಲಸಕ್ಕೆ ಕರೆದಾಗ ತೋಲ್ಕಿನ್ ದೊಡ್ಡ ಧರ್ಮಾತ್ಮನೆಂದು ಊರೇ ಹೊಗಳಿತ್ತು. ಹೊಗಳಿದವರಲ್ಲಿ ಹಾಸಿಗೆ ಹಿಡಿದಿದ್ದ ಅವಳ ಅತ್ತೆಯೂ ಒಬ್ಬಳು. ಆ ಮನೆಯ ಒಲೆ ಉರಿಯುತ್ತಿದ್ದದ್ದೇ ಈ ಸಂಬಳದಿಂದ. ಕಾಲಿಗೆ ಬಿದ್ದಾದರೂ ಕೆಲಸ ಉಳಿಸಿಕೊಳ್ಳಬೇಕೆಂದು ಹೋಸಿಯತ್ ಒಂದು ಹೆಜ್ಜೆ ಮುಂದಿಟ್ಟಳು.

ಅಷ್ಟರಲ್ಲಿ ಗೋಡೆಯಾಚೆ ಯಂತ್ರ ಶುರುವಾಯಿತು. ಮೇಜಿನ ಮೇಲೆ ಯಾರೂ ಕುಡಿಯದ ಚಹಾ ಸಣ್ಣಗೆ ನಡುಗಿತು. ಅದನ್ನೇ ನೋಡುತ್ತ ನಿಂತವಳಿಗೆ ಬೇಡುವ ಮಾತು ಬಾಯಿಗೆ ಬರಲಿಲ್ಲ.

"ನನ್ನ ಬಲಗೈ ನಿಮ್ಮ ಹತ್ರಾನೇ ಇದೆಯಲ್ಲ ಅಣ್ಣಾ," ಎಂದಳು, ಯಂತ್ರದ ಸದ್ದು ಬರುತ್ತಿದ್ದ ಗೋಡೆಯ ಕಡೆ ತಿರುಗಿ. "ಅದನ್ನ ವಾಪಸ್ ಕೊಡಿಸಿ. ನಾಳೆಯಿಂದ ಅದರಲ್ಲೇ ಕೊಡ್ತೀನಿ."