ಕಡ ತಂದ ಧ್ವನಿ

ಗಂಡ ಮಹಾಂತೇಶನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ದಾಕ್ಷಾಯಣಿ ಚಹಾಕ್ಕೆ ಇಡುತ್ತಿದ್ದಾಗಲೇ ಧ್ವನಿ ಭಂಡಾರದ ಫಕೀರಪ್ಪ ಬಂದ. ಹುಟ್ಟಿನಿಂದ ಮಾತು ಬಾರದ ಮಹಾಂತೇಶ, ಭಂಡಾರದಿಂದ ಕಡ ತಂದ ಧ್ವನಿಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡೇ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳ ಸುದ್ದಿಯ ಪಾಡ್‌ಕಾಸ್ಟ್ ನಡೆಸುತ್ತಿದ್ದ. ಅದೇ ಧ್ವನಿಯಲ್ಲಿ ಅವಳನ್ನು ಮೆಲ್ಲಗೆ ‘ದಾಕ್ಷೀ’ ಎಂದು ಕರೆಯುತ್ತಿದ್ದ.

“ಪಟ್ಟಿ ವಾಪಸ್ ಕೊಡ್ರೀ ಅಕ್ಕಾರ, ಮಂದಿ ಕಾಯಾಕತ್ತಾರ.”

“ಅದರಾಗ ನನ್ನ ಹೆಸರು ಕರಿಯೋದಷ್ಟು ಅಳಿಸಿ ಕೊಡಲೇನ್ರಿ?”

“ಆಗಂಗಿಲ್ರಿ. ಒಯ್ದವರು ಅದಕ್ಕ ಕಲಿಸಿದ್ದೆಲ್ಲಾ ಎಲ್ಲಾರಿಗೂ ಸೇರಬೇಕು. ನಿಮ್ಮ ಯಜಮಾನ್ರೇ ವಾರಾ ವಾರಾ ಇದನ್ನ ಹೇಳಿ ನಮ್ಮ ತಲಿ ತಿಂತಿದ್ರು.”

ಹೌದು, ಅಳಿಸಿ ಕೊಟ್ಟವರನ್ನು ಮಹಾಂತೇಶ ಕಳ್ಳರೆಂದೇ ಬೈಯುತ್ತಿದ್ದ. ದಾಕ್ಷಾಯಣಿ ಪಟ್ಟಿಯನ್ನು ತಂದು ಕೊಟ್ಟಳು.

ಅದು ಸರಿಯಾಗಿದೆಯೇ ಎಂದು ನೋಡಲು ಫಕೀರಪ್ಪ ತನ್ನ ಕೊರಳಿಗೇ ಕಟ್ಟಿಕೊಂಡ.

“ಇಲ್ಲೊಂದು ಸಹಿ ಹಾಕ್ರೀ ಅಕ್ಕಾರ,” ಎಂದಿತು ಗಂಡನ ಧ್ವನಿ.

ಅವಳು ಹಾಕಿದಳು.