ಹಂ ಅಳಿಸಿ ಅಂ

ಬಸ್ ನಿಲ್ದಾಣದ ಹುಡುಕುಕಂಬದ ಮುಂದೆ ಸುನಂದಾಳ ಸರದಿ ಬಂದಾಗ, ಅವಳ ಐದು ವರ್ಷದ ಮಗಳು ಕಾಣೆಯಾಗಿ ಹತ್ತು ನಿಮಿಷವಾಗಿತ್ತು. ಕಂಬದ ಕೀಲಿಮಣೆಯಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ ಹೆಸರು ಬರೆದರೆ, ನಿಲ್ದಾಣದಲ್ಲಿರುವವರ ಪೈಕಿ ದಾಖಲೆಯಲ್ಲಿ ಆ ಹೆಸರಿರುವವರ ನೆತ್ತಿ ಹಳದಿಯಾಗಿ ಹೊಳೆಯುತ್ತದೆ. ಕಳೆದ ವಾರ ಅವಳು ಕ್ಯಾಂಟೀನಿನಲ್ಲಿ ಕೂತಿದ್ದ ಗಂಡನನ್ನು ಹೀಗೇ ಹಿಡಿದಿದ್ದಳು.

‘ಹಂಸವೇಣಿ’ ಎಂದು ಬರೆದಳು. ಪರದೆಯಲ್ಲಿ ಸೊನ್ನೆ ಬಂತು. ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಬರೆದಳು. ಮತ್ತೂ ಸೊನ್ನೆ. ಮಗು ನಿಲ್ದಾಣದಲ್ಲೇ ಇಲ್ಲವೆಂದು ಅದರರ್ಥ. ಮೂರನೆಯ ಸಲವೂ ಸೊನ್ನೆ ಬಂದರೆ ಕಂಬ ಒಂದು ಗಂಟೆ ಕೆಲಸ ನಿಲ್ಲಿಸಿಬಿಡುತ್ತದೆ.

“ಬೇಗ ಒತ್ತಮ್ಮ, ನಮ್ಮೆಜಮಾನ್ರೂ ಕಳ್ದೋಗವ್ರೆ” ಎಂದಳು ಹಿಂದೆ ನಿಂತವಳು.

ಅತ್ತೆ ನಿಂಗಾಜಮ್ಮ ಸೊಸೆಯ ತೋಳು ಹಿಡಿದರು. “ಪಂಚಾಯ್ತೀಲಿ ಮಗೀನ ಎಸ್ರು ಬರ್ಸಕ್ಕೆ ಓಗಿದ್ದು ನಾನಲ್ವೇನವ್ವ? ನಾನ್ ಏಳ್ದಂಗೆ ಬರ್ಕಂಡವ್ರೆ. ಅಂಸವೇಣಿ ಅಂತ ಒತ್ತು.”

“ಅದು ಹಂಸವೇಣಿ, ಅತ್ತೆ.”

“ನಾನೂ ಅದ್ನೇ ಏಳ್ತಿರದು, ಅಂಸವೇಣಿ.”

ಸುನಂದಾ ಅತ್ತೆಯ ಬಾಯನ್ನೇ ದಿಟ್ಟಿಸಿದಳು. ಆಮೇಲೆ ‘ಹಂ’ ಅಳಿಸಿ ‘ಅಂ’ ಬರೆದು ಎಂಟರ್ ಒತ್ತಿದಳು.

ಹೊರಡುತ್ತಿದ್ದ ಕೊಳ್ಳೇಗಾಲದ ಬಸ್ಸಿನ ಕಿಟಕಿಯಲ್ಲಿ ಪುಟ್ಟ ನೆತ್ತಿಯೊಂದು ಹಳದಿಯಾಯಿತು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ.

ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದವಳಿಗೆ ಸಾಲಿನವರು, “ಹುಡುಕ್ದೋರೇ ಎಸ್ಕೇಪ್ ಒತ್ಬೇಕು, ಒತ್ತಿ, ಬೆಳಕು ಆರ್ಲಿ” ಎಂದರು. ಸುನಂದಾ ಕೇಳಿಸದವಳಂತೆ ನಡೆದುಬಿಟ್ಟಳು. ಮನೆಯ ಬಾಗಿಲು ಹಾಕಿಕೊಳ್ಳುವವರೆಗೂ ಮಗಳ ನೆತ್ತಿ ಹೊಳೆಯುತ್ತಲೇ ಇತ್ತು.